ಕೊಡೆ ಮೇಷ್ಟ್ರ ಪಿಸಕ್ಕ

ಆ ಹೆಸರಿಟ್ಟವರು ಹಾಸ್ಯನಟ ಕೊಡೆ ಮೇಷ್ಟ್ರೇ. ಹೆಸರಿಡುವುದರಲ್ಲಿ ಅವರದು ಎತ್ತಿದ ಕೈ. ನಾಟಕ ಕಂಪನಿಯ ಯಜಮಾನರನ್ನು, ಬೆನ್ನ ಹಿಂದೆ ಮಾತ್ರ, ‘ಹೌಸ್‌ಫುಲ್’ ಎಂದು ಕರೆಯುತ್ತಿದ್ದರು. ಪರದೆ ಎಳೆಯುವವನು ‘ಸೂರ್ಯಚಂದ್ರ’, ಏಕೆಂದರೆ ಹಗಲೂ ರಾತ್ರಿಯೂ ಅವನ ಕೈಯಲ್ಲಿದ್ದವು. ರಂಗದ ಪಕ್ಕದ ಕತ್ತಲಲ್ಲಿ ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ಮಾತು ಎತ್ತಿಕೊಡುತ್ತಿದ್ದ ಇವಳು ‘ಪಿಸಕ್ಕ’. ವಯಸ್ಸಿನಲ್ಲಿ ಮೇಷ್ಟ್ರಿಗಿಂತ ಹದಿನಾರು ವರ್ಷ ಚಿಕ್ಕವಳು. ಯಾರಾದರೂ ಅದನ್ನು ಎತ್ತಿ ತೋರಿಸಿದರೆ, “ಮಾತು ಹೇಳಿಕೊಡೋರು ಎಷ್ಟೇ ಚಿಕ್ಕವರಾದ್ರೂ ಅಕ್ಕಾನೇ ಕಣಯ್ಯಾ” ಅನ್ನುತ್ತಿದ್ದರು.

ಪಿಸಕ್ಕ ಕಂಪನಿಗೆ ಬಂದದ್ದು ನಟಿಯಾಗಲು. ಆಗ ಅವಳಿಗೆ ಹತ್ತೊಂಬತ್ತು. ಕೊಟ್ಟದ್ದು ಒಂದೇ ಒಂದು ಮಾತು: ಓಡಿ ಬಂದು “ಅಪ್ಪಾ, ಹೊರಗೆ ಯಾರೋ ಬಂದಿದಾರೆ” ಎನ್ನಬೇಕು. ತಾಲೀಮಿನಲ್ಲಿ ಗಂಟೆ ಹೊಡೆದ ಹಾಗೆ ಹೇಳಿದ್ದಳು. ಆಟದ ದಿನ ದೀಪ ಮುಖಕ್ಕೆ ಬಿದ್ದದ್ದೇ ತಡ, ದನಿ ಹೊಟ್ಟೆಯೊಳಗೆ ಹೋಗಿ ಕೂತಿತು. ತುಟಿ ಆಡಿತು, ಮಾತು ಆಡಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ “ಏನಂತೆ?” ಎಂದು ಕೂಗಿದ. ಮುಂದಿನ ಸಾಲಿನವನೊಬ್ಬ ತಿರುಗಿ “ಹೊರಗೆ ಯಾರೋ ಬಂದಿದಾರಂತೆ!” ಎಂದು ಉತ್ತರ ಕೊಟ್ಟ. ಇಡೀ ರಂಗಮಂದಿರ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು.

ಯಜಮಾನರು ಬೈಯಲಿಲ್ಲ. “ತಾಯೀ, ನಿನ್ನ ಗಂಟಲು ಹೊರಗಡೆಗಲ್ಲ, ಒಳಗಡೆಗೆ” ಎಂದು ಹೇಳಿ ಸ್ಟೂಲು ತೋರಿಸಿದರು. ಮೂವತ್ತನಾಲ್ಕು ವರ್ಷ ಅವಳು ಅದರ ಮೇಲೆ ಕೂತಳು. ಡಾಕ್ಟರಿಗೂ ತೋರಿಸಿದ್ದಾಯಿತು. ಗಂಟಲಿನಲ್ಲಿ ಏನೂ ತೊಂದರೆಯಿಲ್ಲ, ಹೆದರಿಕೆಯಾದಾಗ ದನಿ ಏಳುವುದಿಲ್ಲ ಅಷ್ಟೇ ಎಂದರು ಅವರು. ನೋಡಲು ಬಂದ ಗಂಡಿನ ಕಡೆಯವರು ಅವಳ ತಾಯಿಯನ್ನು ಮೂಲೆಗೆ ಕರೆದು, “ಹುಡುಗಿಗೆ ಮಾತು ಬರುತ್ತೆ ತಾನೇ?” ಎಂದು ಕೇಳಿ ಹೋದರು. ಮತ್ತೆ ಬರಲಿಲ್ಲ. ಜೊತೆಗಿದ್ದ ತಂಗಿಗಂತೂ ಅವಳೊಂದಿಗೆ ಜಗಳವಾಡಿ ಸಾಕಾಗಿತ್ತು. “ನಿನ್ನ ಜೊತೆ ಜಗಳ ಆಡ್ಬೇಕಂದ್ರೂ ಮೈಕ್ ತರಿಸ್ಬೇಕಲ್ಲೇ!” ಎಂದು ಅವಳೇ ನಕ್ಕು ಸುಮ್ಮನಾಗುತ್ತಿದ್ದಳು.

ಆದರೆ ಸ್ಟೂಲಿನ ಮೇಲೆ ಕೂತ ಪಿಸಕ್ಕನ ಸಮ ಯಾರೂ ಇರಲಿಲ್ಲ. ತೊಡೆಯ ಮೇಲೆ ಮಾತಿನ ಪುಸ್ತಕ, ಗಾಜಿಗೆ ನೀಲಿ ಕಾಗದ ಕಟ್ಟಿದ ಟಾರ್ಚು, ಪುಟ ಮಗುಚುವಾಗ ಸದ್ದಾಗದಂತೆ ಒದ್ದೆ ಮಾಡಿಕೊಂಡ ಹೆಬ್ಬೆರಳು. ಇಡೀ ವಾಕ್ಯ ಕೊಡುವವರು ಈ ಕೆಲಸಕ್ಕೆ ಲಾಯಕ್ಕಲ್ಲ. ಮೊದಲ ಪದ ಕೊಡಬೇಕು, ಅದೂ ನಟನ ಕಿವಿ ದಾಟಿ ಮೊದಲ ಸಾಲಿಗೆ ತಲುಪದಂತೆ. ಅದಕ್ಕಿಂತ ಕಷ್ಟದ ಕೆಲಸ ಯಾವಾಗ ಕೊಡಬಾರದು ಎಂದು ತಿಳಿಯುವುದು. ಬೇಕೆಂದೇ ಸುಮ್ಮನೆ ನಿಂತ ನಟನಿಗೆ ಮಾತು ಕೊಟ್ಟರೆ ಅವನ ಕೆಲಸ ಕೆಟ್ಟಿತು. ಮರೆತು ನಿಂತವನಿಗೆ ಕೊಡದಿದ್ದರೆ ಅವನ ಮಾನ ಹೋಯಿತು. ಪಿಸಕ್ಕ ಭುಜ ನೋಡುತ್ತಿದ್ದಳು. ಬೇಕೆಂದೇ ನಿಂತವನ ಭುಜ ಇಳಿದಿರುತ್ತದೆ. ಮರೆತವನದು ಅರ್ಧ ಬೆರಳಷ್ಟು ಮೇಲಕ್ಕೇಳುತ್ತದೆ.

ಈ ಲೆಕ್ಕ ಮೇಷ್ಟ್ರ ವಿಷಯದಲ್ಲಿ ಬೇಕೇ ಆಗಿರಲಿಲ್ಲ. ಅವರು ಮಾತು ಮರೆತವರೇ ಅಲ್ಲ. ಬೇರೆಯವರು ಮರೆತರೆ, ಅವಳಿಗಿಂತ ಮೊದಲು ಅವರೇ ತಮಾಷೆಯ ಮಾತಿನಲ್ಲಿ ಸುತ್ತಿ ಕೊಟ್ಟುಬಿಡುತ್ತಿದ್ದರು. ಆಮೇಲೆ ಸೈಡ್ ವಿಂಗಿನ ಕಡೆ ಒಂದು ಕಣ್ಣು ಮಿಟುಕಿಸಿ, ನಿನ್ನ ಕೆಲಸ ನಾನು ಮಾಡಿದೆ ನೋಡು ಎಂಬಂತೆ ಹುಬ್ಬು ಹಾರಿಸುತ್ತಿದ್ದರು.

ಅವರು ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳಿದವರಲ್ಲ. ಒಂದು ಸಿನಿಮಾದಲ್ಲಿ ನಾಲ್ಕು ನಿಮಿಷ ಮೇಷ್ಟ್ರಾಗಿದ್ದರು, ಅಷ್ಟೇ. ಜಡಿಮಳೆಯಲ್ಲಿ ಮೇಷ್ಟ್ರು ನಡೆದು ಬರುತ್ತಾರೆ, ಕೊಡೆ ಬಿಚ್ಚುವುದಿಲ್ಲ. ಬೇಡುತ್ತಾರೆ, ಗದರುತ್ತಾರೆ, ಬೆನ್ನು ತಟ್ಟುತ್ತಾರೆ, ಊಹೂಂ. ಕೊನೆಗೆ ತೊಯ್ದು ತೊಪ್ಪೆಯಾಗಿ ಮನೆ ಬಾಗಿಲಲ್ಲಿ ಕಾಲಿಟ್ಟಾಗ ಅದು ತಾನಾಗಿ ಬಿಚ್ಚಿಕೊಂಡು, ಮೇಷ್ಟ್ರು ಬಾಗಿಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡು ದಿನದಲ್ಲಿ ಮುಗಿದ ಕೆಲಸ. ಆ ನಾಲ್ಕು ನಿಮಿಷ ಅವರನ್ನು ಮತ್ತೆ ಬಿಡಲಿಲ್ಲ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಹೆಂಡತಿಗೆ ಜ್ವರ ಬಂದು ಔಷಧಿ ಅಂಗಡಿಯ ಮುಂದೆ ನಿಂತಾಗ, ಯಾರೋ ಒಬ್ಬರು “ಮೇಷ್ಟ್ರೇ, ಬಿಚ್ಚಿತಾ?” ಎನ್ನುವರು. ಮೇಷ್ಟ್ರು ತಪ್ಪದೆ “ಇನ್ನೂ ಇಲ್ಲಪ್ಪಾ” ಎನ್ನುವರು. ಮಳೆಗಾಲದಲ್ಲಿ ಅವರು ಕೊಡೆ ಹಿಡಿಯುವುದನ್ನೇ ಬಿಟ್ಟಿದ್ದರು. ಹಿಡಿದರೆ ಬೀದಿಯೆಲ್ಲ ನಿಂತು ನೋಡುತ್ತಿತ್ತು. ನೆನೆದುಕೊಂಡೇ ತಾಲೀಮಿಗೆ ಬಂದು, ತಲೆ ಒರೆಸಿಕೊಳ್ಳುತ್ತಾ, “ನೋಡು ಪಿಸಕ್ಕಾ, ಹೆಸರು ಬಂದಮೇಲೆ ನೆಗಡೀನೂ ಬರುತ್ತೆ” ಎನ್ನುತ್ತಿದ್ದರು.

ಅವರ ನಿಜವಾದ ಕೆಲಸ ಬೇರೆಯೇ ಇತ್ತು, ಅದು ದರ್ಜಿಯ ನಾಟಕ. ಮುದುಕ ದರ್ಜಿಯೊಬ್ಬ, ಅವನಿಗೊಬ್ಬಳು ಮಗಳು. ಮೊದಲ ಅಂಕದಲ್ಲಿ ಗಿರಾಕಿಗಳ ಜೊತೆ ಅವನ ಚೇಷ್ಟೆ. ಎರಡನೆಯದರಲ್ಲಿ ಮಗಳು ಜಗಳವಾಡಿ ಮನೆ ಬಿಟ್ಟು ಹೋಗುತ್ತಾಳೆ. ಮೂರನೆಯದರಲ್ಲಿ ಅವಳು ತೀರಿಹೋದ ಸುದ್ದಿ ಬರುತ್ತದೆ. ದರ್ಜಿ ಅವಳಿಗೆಂದು ಹೊಲಿಯುತ್ತಿದ್ದ ಕೋಟನ್ನು ಪಕ್ಕಕ್ಕಿಟ್ಟು, ಅಳತೆ ಪಟ್ಟಿ ತೆಗೆದು, ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಖಾಲಿ ಗಾಳಿಗೆ ಭುಜದ ಅಳತೆ ಹಿಡಿಯುತ್ತಾನೆ. ಆಮೇಲೆ ಮಾತಿಲ್ಲ. ಅದುವರೆಗೆ ನಗುತ್ತಿದ್ದ ಜನ ಕೆಮ್ಮುವುದನ್ನೂ ಮರೆಯುತ್ತಿದ್ದರು. ಹದಿನೇಳು ವರ್ಷ ನಡೆದ ನಾಟಕ ಅದು. ಯಾರೂ ಕ್ಯಾಮೆರಾದಲ್ಲಿ ಹಿಡಿಯಲಿಲ್ಲ. ನಾಳೆ ಹಿಡಿದರಾಯಿತು ಎಂದು ಎಲ್ಲರೂ ಅಂದುಕೊಂಡರು.

ಮೇಷ್ಟ್ರಿಗೆ ಅರವತ್ತೆಂಟು ನಡೆಯುವಾಗ, ಮೊದಲ ಅಂಕದಲ್ಲಿ ಒಂದು ದಿನ ಅವರು ಕತ್ತರಿ ಕೈಯಲ್ಲಿ ಹಿಡಿದು ನಿಂತರು. ಪಿಸಕ್ಕ ತಲೆಯೆತ್ತಿದಳು. ಭುಜ ಮೇಲೆದ್ದಿತ್ತು. ಅವಳಿಗೆ ನಂಬಿಕೆ ಬರಲಿಲ್ಲ. ಪುಸ್ತಕ ನೋಡದೆಯೇ ಪದ ಕೊಟ್ಟಳು. ಅವರು ಅದನ್ನು ಎಷ್ಟು ನಯವಾಗಿ ಎತ್ತಿಕೊಂಡರೆಂದರೆ ಎದುರಿಗಿದ್ದ ನಟನಿಗೂ ತಿಳಿಯಲಿಲ್ಲ. ಆ ದಿನ ಅವರು ಕಣ್ಣು ಮಿಟುಕಿಸಲಿಲ್ಲ.

ಮುಂದಿನ ವಾರ ಎರಡು ಸಲ. ತಿಂಗಳು ಕಳೆಯುವಷ್ಟರಲ್ಲಿ ಅಂಕಕ್ಕೆ ಐದಾರು ಸಲ. ಒಂದು ಸಂಜೆ ಬಣ್ಣ ತೆಗೆಯುವ ಕೋಣೆಯಲ್ಲಿ ಬೇರೆ ಯಾರೂ ಇಲ್ಲದಾಗ ಮೇಷ್ಟ್ರು ಕನ್ನಡಿಯಲ್ಲೇ ಅವಳನ್ನು ನೋಡಿದರು.

“ಪಿಸಕ್ಕಾ, ನಿನಗೆ ಗೊತ್ತಾಗಿದೆ.”

“ಹೂಂ.”

“ಬೇರೆ ಯಾರಿಗೂ ಗೊತ್ತಾಗಿಲ್ಲ ಅಲ್ವಾ?”

“ಇಲ್ಲ.”

“ಹಾಗಾದ್ರೆ ನಮ್ಮಿಬ್ಬರ ಮಧ್ಯೆ ಇರ್ಲಿ. ಮನೇಲಿ ಏನೂ ತೊಂದ್ರೆ ಇಲ್ಲ ಕಣೇ. ಇಲ್ಲಿ ಮಾತ್ರ ಪುಟ ಮಗುಚಿಹೋಗುತ್ತೆ.” ಮುಖದ ಎಣ್ಣೆ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. “ಇದನ್ನ ಬಿಟ್ರೆ ನಾನು ಬರೀ ಕೊಡೆ. ಗೊತ್ತಲ್ವಾ ನಿನಗೆ?”

ಗೊತ್ತಿತ್ತು. ಅದಕ್ಕೇ ಅವಳು ಒಪ್ಪಿದಳು.

ಸೈಡ್ ವಿಂಗಿನಿಂದ ಅವಳ ದನಿ ಸಾಲದಾದಾಗ ದರ್ಜಿಯ ಬಟ್ಟೆ ಕತ್ತರಿಸುವ ದೊಡ್ಡ ಮೇಜಿಗೆ ನೆಲದವರೆಗೆ ಬಟ್ಟೆ ಇಳಿಬಿಡಿಸಿ, ತಾನು ಅದರ ಕೆಳಗೆ ಸೇರಿಕೊಂಡಳು. ಸ್ಟೂಲು ಹಿಡಿಸದ್ದರಿಂದ ಒಂದು ಮಡಚಿದ ಕಂಬಳಿ ಹಾಕಿಕೊಂಡಳು. ಯಜಮಾನರಿಗೆ ಮೇಷ್ಟ್ರ ಕಿವಿ ಮಂದವಾಗಿದೆ ಎಂದು ಹೇಳಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ, ಎರಡು ಸಲ ತಡವರಿಸಿತು. ಮೇಜಿನ ಕೆಳಗೆ ಅವಳಿಗೆ ಮೇಷ್ಟ್ರ ಭುಜ ಕಾಣುತ್ತಿರಲಿಲ್ಲ, ಬೂಟು ಕಾಣುತ್ತಿತ್ತು. ಕೆಲವೇ ದಿನದಲ್ಲಿ ಬೂಟಿನ ತುದಿ ನೋಡಿ ಮರೆವು ಹಿಡಿಯುವುದನ್ನೂ ಕಲಿತಳು. ಮೊದಲು ಪದ ಕೊಡುತ್ತಿದ್ದವಳು ಆಮೇಲೆ ಅರ್ಧ ವಾಕ್ಯ, ಆಮೇಲೆ ಪೂರ್ತಿ ವಾಕ್ಯ ಕೊಡತೊಡಗಿದಳು. ಮೇಜಿನ ಕೆಳಗೆ ಒಂದು ನಾಟಕ, ಮೇಲೆ ಅದರ ಪ್ರತಿಧ್ವನಿ.

ಆಶ್ಚರ್ಯವೆಂದರೆ ಮೂರನೇ ಅಂಕಕ್ಕೆ ಅವಳ ಸಹಾಯ ಬೇಕಾಗುತ್ತಿರಲಿಲ್ಲ. ಅಳತೆ ಪಟ್ಟಿ ಕೈಗೆ ಬಂದರೆ ಅವರ ಕೈಗೆ ಎಲ್ಲ ನೆನಪಿತ್ತು.

ಈ ಗುಟ್ಟು ಅವಳನ್ನು ಒಳಗೊಳಗೇ ಕೊರೆಯಿತು. ಮೇಷ್ಟ್ರ ಹೆಂಡತಿ ಆಸ್ಪತ್ರೆಯಲ್ಲಿ ದಾದಿ, ವರ್ಷಾನುಗಟ್ಟಲೆ ಸಂಜೆಯ ಪಾಳಿ. ಅವರಿಗೆ ಹೇಳಿಬಿಡೋಣವೆಂದು ಒಂದು ದಿನ ಪಿಸಕ್ಕ ಆಸ್ಪತ್ರೆಗೇ ಹೋದಳು. ಅವರು ಯಾರದೋ ಕೈಗೆ ಸೂಜಿ ಚುಚ್ಚುತ್ತಾ, ಅವಳನ್ನು ಕಂಡು ಮುಖವರಳಿಸಿ, “ಏನಮ್ಮಾ, ಮೇಷ್ಟ್ರು ಹೇಗೆ ಮಾಡ್ತಿದಾರೆ?” ಎಂದು ಕೇಳಿದರು. “ಚೆನ್ನಾಗಿ ಮಾಡ್ತಿದಾರೆ ಅತ್ತಿಗೆ” ಎಂದಳು ಪಿಸಕ್ಕ. ಅದು ಸುಳ್ಳೂ ಆಗಿರಲಿಲ್ಲ. ಬಂದ ದಾರಿಯಲ್ಲೇ ವಾಪಸು ಹೋದಳು. ಅಂದು ಹೇಳಿದ್ದರೆ ಏನಾಗುತ್ತಿತ್ತು ಎಂದು ಮುಂದೆ ಅವಳು ಎಷ್ಟು ಸಲ ಕೇಳಿಕೊಂಡಳೋ. ಏನೂ ಆಗುತ್ತಿರಲಿಲ್ಲ ಎನ್ನುತ್ತಿತ್ತು ಒಂದು ಮನಸ್ಸು. ಇನ್ನೊಂದು ಸುಮ್ಮನಿರುತ್ತಿತ್ತು.

ಅದು ಒಂದು ಭಾನುವಾರ, ಮಧ್ಯಾಹ್ನದ ಆಟ. ಮಕ್ಕಳು ಮರಿಯೊಡನೆ ಜನ ಕಿಕ್ಕಿರಿದಿದ್ದರು. ಎರಡನೇ ಅಂಕದ ನಡುವೆ ಮಗಳು ಮೂತಿ ಊದಿಸಿಕೊಂಡು ಕಿಟಕಿಯ ಬಳಿ ನಿಂತಿದ್ದಾಳೆ, ದರ್ಜಿ ಮೇಜಿನ ಮುಂದೆ. ಬೂಟಿನ ತುದಿ ನೆಲ ಬಿಟ್ಟಿತು. ಪಿಸಕ್ಕ “ಕೋಪ ಮಾಡ್ಕೊಂಡು” ಎಂದು ಪದ ಎತ್ತಿಕೊಟ್ಟಳು. ಬೂಟು ಹಾಗೇ ಇತ್ತು. ಇನ್ನೊಮ್ಮೆ, ಸ್ವಲ್ಪ ಬಿಡಿಸಿ ಹೇಳಿದಳು: “ಕೋಪ ಮಾಡ್ಕೊಂಡು ಎಲ್ಲಿಗೆ ಹೋಗ್ತೀಯ, ಮಗಳೇ.”

ಮೇಜಿನ ಬಟ್ಟೆ ಮೇಲಕ್ಕೆದ್ದಿತು. ಬೆಳಕು ಒಳಗೆ ನುಗ್ಗಿತು. ಮೇಷ್ಟ್ರ ಮುಖ ತಲೆಕೆಳಗಾಗಿ ಅವಳೆದುರು ಬಂದು ನಿಂತಿತು.

“ಯಾರಮ್ಮಾ ನೀನು?”

ಇಡೀ ಮಂದಿರದಲ್ಲಿ ನಗೆಯ ಅಲೆ ಎದ್ದಿತು. ದರ್ಜಿ ಮೇಜಿನ ಕೆಳಗೆ ಮಾತು ಹೇಳಿಕೊಡುವವಳನ್ನು ಕಂಡುಹಿಡಿದ ಎಂದುಕೊಂಡರು ಜನ.

“ಇಲ್ಲಿ ಏನ್ ಮಾಡ್ತಿದೀಯ? ಯಾಕೆ ನನ್ನ ಹತ್ರ ಮಾತಾಡ್ತಿದೀಯ?” ಮೇಷ್ಟ್ರ ಕೆಳತುಟಿ ನಡುಗುತ್ತಿತ್ತು. ಕಣ್ಣು ಅವಳ ಮುಖದ ಮೇಲೆ ಗುರುತಿಗಾಗಿ ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ಮೂವತ್ತು ವರ್ಷ ತನಗೆ ಮಿಟುಕಿಸಿದ ಕಣ್ಣು. ಅವರು ನೆಟ್ಟಗಾಗಿ ಜನರ ಕಡೆ ತಿರುಗಿದರು. “ಇವರೆಲ್ಲ ಯಾರು?”

ನಗೆ ಇನ್ನೂ ಜೋರಾಯಿತು. ಯಾರೋ ಶಿಳ್ಳೆ ಹಾಕಿದರು. ಮಕ್ಕಳು ಕುರ್ಚಿಯ ಮೇಲೆ ಹತ್ತಿ ನಿಂತರು.

ಪರದೆ ಬೀಳಬೇಕಿತ್ತು. ಆದರೆ ಜನ ಹೀಗೆ ನಗುತ್ತಿರುವಾಗ ಸೂರ್ಯಚಂದ್ರ ಪರದೆ ಯಾಕೆ ಎಳೆದಾನು? ಅವನೂ ಹಗ್ಗ ಹಿಡಿದುಕೊಂಡು ನಗುತ್ತಿದ್ದ. ಪಿಸಕ್ಕ ಮೊಣಕೈಯೂರಿ ಆ ಕಡೆಗೆ ತಿರುಗಿದಳು. ಪರದೆ ಎಳಿ ಎಂದು ಕೂಗಲು ಬಾಯಿ ತೆರೆದಳು. ಉಸಿರು ಬಂತು. ದನಿ ಬರಲಿಲ್ಲ. ಕೊರಳ ನರ ಉಬ್ಬಿ ಕಣ್ಣಲ್ಲಿ ನೀರು ಬರುವಷ್ಟು ಕೂಗಿದಳು. ಪಕ್ಕದಲ್ಲಿದ್ದ ಬೂಟಿಗೂ ಕೇಳಿಸಲಿಲ್ಲ. ಎದ್ದು ಹೊರಗೆ ಬರಲು ಹೋದರೆ ಅದುವರೆಗೆ ಮಡಚಿಟ್ಟ ಕಾಲುಗಳು ಜೋಮು ಹಿಡಿದು ಕಲ್ಲಾಗಿದ್ದವು. ತೆವಳಿಕೊಂಡು ಅರ್ಧ ಹೊರಗೆ ಬಂದದ್ದನ್ನು ಕಂಡ ಜನ ಬಿದ್ದು ಬಿದ್ದು ನಕ್ಕರು.

ಕೊನೆಗೆ ಅರ್ಥ ಮಾಡಿಕೊಂಡವಳು ಮಗಳ ಪಾತ್ರದ ಹುಡುಗಿ. ಕಿಟಕಿ ಬಿಟ್ಟು ಬಂದು ಮೇಷ್ಟ್ರ ತೋಳು ಹಿಡಿದು, “ಬಾ ಅಪ್ಪಾ, ಒಳಗೆ ಹೋಗೋಣ” ಎಂದಳು. ಅವಳು ಕರೆದೊಯ್ದ ಕಡೆಗೆ ಅವರು ನಡೆದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬಣ್ಣದ ಕೋಣೆಗೆ ಯಜಮಾನರು ಹಾರಿಕೊಂಡೇ ಬಂದರು. “ಏನ್ ಮೇಷ್ಟ್ರೇ ಇದು! ದಿನಾ ಇದನ್ನ ಹಾಕ್ಬಿಡಿ!” ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಪಿಸಕ್ಕ ಯಜಮಾನರನ್ನು ಹೊರಗೆ ಕರೆದು ಎಲ್ಲ ಹೇಳಿದಳು. ಅವರು ಅಲ್ಲೇ ಒಂದು ಟ್ರಂಕಿನ ಮೇಲೆ ಕುಸಿದು ಕೂತರು. “ಮೊದಲೇ ಹೇಳ್ಬಾರದಿತ್ತಾ ತಾಯೀ?” ಎಂದರು. ಮೂರನೇ ಅಂಕ ಅಂದು ನಡೆಯಲಿಲ್ಲ. ಮೇಷ್ಟ್ರಿಗೆ ಬೆನ್ನುನೋವು ಎಂದು ಸಾರಿ ಜನರನ್ನು ಕಳಿಸಿದರು. ಆಮೇಲೆಂದೂ ನಡೆಯಲಿಲ್ಲ. ಪತ್ರಿಕೆಯೊಂದು ಮಾತ್ರ ಎರಡು ದಿನದ ನಂತರ, ಈ ವಯಸ್ಸಿನಲ್ಲೂ ಕೊಡೆ ಮೇಷ್ಟ್ರ ಹೊಸ ಚಮತ್ಕಾರ ಎಂದು ಕಾಲು ಪುಟ ಬರೆಯಿತು.

ನಾಲ್ಕು ವರ್ಷ ಮೇಷ್ಟ್ರು ಮನೆಯಲ್ಲಿದ್ದರು. ಹೆಂಡತಿ ಕೆಲಸ ಬಿಟ್ಟು ಜೊತೆಗೆ ಕೂತರು. ಎರಡನೇ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಗುರುವಾರ ಗುರುವಾರ ಪಿಸಕ್ಕ ಮಾತಿನ ಪುಸ್ತಕ ಹಿಡಿದು ಹೋಗುತ್ತಿದ್ದಳು. ಮೊದಮೊದಲು ಅವಳು ಪದ ಕೊಟ್ಟರೆ ಮೇಷ್ಟ್ರು ವಾಕ್ಯ ಮುಗಿಸುತ್ತಿದ್ದರು. ಮುಗಿಸಿದ ದಿನ ಅವಳಿಗೆ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಕಾಲು ನೋಯುತ್ತಿರಲಿಲ್ಲ. ಆಮೇಲೆ ಪದವನ್ನೇ ತಿರುಗಿಸಿ ಹೇಳತೊಡಗಿದರು. ಆಮೇಲೆ ಅವಳ ತುಟಿ ನೋಡುತ್ತಾ ಕೂತಿರುತ್ತಿದ್ದರು, ಕಿವಿ ಕೇಳದವರ ಹಾಗೆ. ಅಳತೆ ಪಟ್ಟಿಯನ್ನೂ ಒಂದು ದಿನ ತಂದು ಕೈಗೆ ಕೊಟ್ಟಳು. ಅವರು ಅದನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಅವಳಿಗೇ ವಾಪಸು ಕೊಟ್ಟು, “ನಿಮ್ಮದು” ಎಂದರು. ಜೀವಮಾನದಲ್ಲಿ ಮೊದಲ ಸಲ ಅವರ ಬಾಯಿಂದ ಅವಳಿಗೆ ಬಹುವಚನ.

ಒಂದು ಬೆಳಿಗ್ಗೆ, ಮುಖ ತೊಳೆಸುತ್ತಿದ್ದ ಹೆಂಡತಿಯ ಕೈಯಲ್ಲೇ ಮೇಷ್ಟ್ರು ಹೋದರು.

ಮರುವರ್ಷ ಟಿವಿಯವರು ಅದೇ ರಂಗಮಂದಿರದಲ್ಲಿ ಹಿಂದಿನ ಕಲಾವಿದರನ್ನು ನೆನೆಯುವ ಕಾರ್ಯಕ್ರಮ ಇಟ್ಟುಕೊಂಡರು. ಆರು ಜನರ ಐದು ದೊಡ್ಡ ದೊಡ್ಡ ಪಟಗಳು ರಂಗದ ಮೇಲೆ ಸಾಲಾಗಿ ನಿಂತವು. ಅಷ್ಟೂ ಜನರಿಗೆ ಪಿಸಕ್ಕ ಮಾತು ಎತ್ತಿಕೊಟ್ಟವಳೇ. ಹಾಡುವ ನಟಿಯ ಪಾಲಿಗೆ ಒಂದು ಹಾಡಿನ ಅರ್ಧ ಬಂತು. ಆ ತಾಯಿ ರಂಗಕ್ಕೆ ಹೋಗುವ ಮುಂಚೆ ಪ್ರತಿಸಲ ಇವಳ ಕೈ ಹಿಂಡಿ ಹೋಗುತ್ತಿದ್ದದ್ದನ್ನು ಯಾರು ಬಲ್ಲರು? ಖಳನಾಯಕನ ಪಾಲಿಗೆ ಒಂದು ಅಟ್ಟಹಾಸ. ಕತ್ತಿ ವರಸೆಯ ನಾಯಕನ ಪಾಲಿಗೆ ಒಂದು ಜಿಗಿತ. ಕುಣಿಯುತ್ತಿದ್ದ ಗಂಡ ಹೆಂಡಿರನ್ನು ಒಂದೇ ಪಟದಲ್ಲಿ ಹಾಕಿ ಇಬ್ಬರಿಗೂ ಸೇರಿ ಒಂದು ನಿಮಿಷ. ಹೀಗೇ ಆಗಬೇಕಲ್ಲವೇ, ಒಬ್ಬೊಬ್ಬರ ಇಡೀ ಬದುಕು ತೋರಿಸಲು ಯಾರಿಗೆ ಪುರುಸೊತ್ತು, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೇಷ್ಟ್ರ ಸರದಿ ಬಂದಾಗ ಕೊಡೆ ಬಂತು. ಮಂದಿರ ನಕ್ಕಿತು. ಅವಳೂ ನಕ್ಕಳು, ಎಷ್ಟೆಂದರೂ ಚೆನ್ನಾಗಿತ್ತು.

ಆಮೇಲೆ ನಿರೂಪಕ ಮೈಕು ಹಿಡಿದು ಮುಂದೆ ಬಂದ. ಹಸನ್ಮುಖಿ, ಅಂದಗಾರ. “ಈಗ ಒಂದು ವಿಶೇಷ. ಮೇಷ್ಟ್ರ ಆ ಹೆಸರಾಂತ ಘಟನೆ ನಿಮಗೆಲ್ಲ ಗೊತ್ತು. ಮೇಜಿನ ಕೆಳಗೆ ಮಾತು ಹೇಳಿಕೊಡ್ತಿದ್ದೋರನ್ನ ಎಳೆದು, ಯಾರಮ್ಮಾ ನೀನು ಅಂತ ಕೇಳಿದ್ರಲ್ಲಾ! ಮಾತು ಮರೆತದ್ದನ್ನೇ ತಮಾಷೆ ಮಾಡಿದ ಮಹಾನುಭಾವ! ಆ ಮೇಜಿನ ಕೆಳಗಿದ್ದೋರು ಇವತ್ತು ಇಲ್ಲೇ ಇದಾರೆ!”

ದೀಪ ತಿರುಗಿ ಅವಳ ಮುಖಕ್ಕೆ ಬಿತ್ತು. ಯಾರೋ ತೋಳು ಹಿಡಿದು ಮೆಟ್ಟಿಲು ಹತ್ತಿಸಿದರು. ಕರೆಯುವಾಗ ಮುಂದಿನ ಸಾಲಿನಲ್ಲಿ ಕೂತರೆ ಸಾಕು ಎಂದಿದ್ದರು. ಮೇಷ್ಟ್ರ ಹೆಂಡತಿಯೂ ಅದೇ ಸಾಲಿನಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಹೇಳಿ ಅಮ್ಮಾ, ಆವಾಗ ನಿಮಗೆ ಹೇಗನ್ನಿಸ್ತು?”

ಪಿಸಕ್ಕ ಸುಮ್ಮನೆ ನಕ್ಕು ಇಳಿದುಬಿಡಬಹುದಿತ್ತು. ಆದರೆ ತಪ್ಪು ಮಾತು ಕಿವಿಗೆ ಬಿದ್ದರೆ ಸರಿ ಮಾತು ಬಾಯಿಗೆ ಬರುವುದು ಮೂವತ್ತನಾಲ್ಕು ವರ್ಷದ ಚಟ. “ಅದು ತಮಾಷೆ ಅಲ್ಲ” ಎಂದಳು. ಅವಳ ಪಿಸುದನಿಯನ್ನು ಮೈಕು ಹಿಡಿದು ಮೂಲೆಮೂಲೆಗೆ ಹರಡಿತು. ಅವಳೇ ಬೆಚ್ಚಿದಳು. “ಅವರಿಗೆ ನಿಜವಾಗ್ಲೂ ಗೊತ್ತಾಗಲಿಲ್ಲ, ನಾನು ಯಾರು ಅಂತ.”

ನಿರೂಪಕ ಅರೆಗಳಿಗೆ ಅವಳ ಮುಖ ನೋಡಿದ. ಆಮೇಲೆ ಕಣ್ಣರಳಿಸಿ ಜನರ ಕಡೆ ತಿರುಗಿದ. “ಕೇಳಿದ್ರಾ? ನಿಜವಾಗ್ಲೂ ಗೊತ್ತಾಗಲಿಲ್ಲವಂತೆ! ದರ್ಜಿಗೆ ಇವರು ಯಾರು ಅಂತ ಹೇಗೆ ಗೊತ್ತಾಗ್ಬೇಕು ಹೇಳಿ? ಪಾತ್ರದಲ್ಲಿ ಮುಳುಗೋದು ಅಂದ್ರೆ ಇದು!”

ಚಪ್ಪಾಳೆ ಬಿತ್ತು.

“ಅಲ್ಲಪ್ಪಾ, ಅವರು ಹೆದರಿದ್ರು,” ಎಂದಳು. ಅಷ್ಟರಲ್ಲಿ ಮೈಕು ಅವನ ಬಾಯಿಗೆ ಹೋಗಿತ್ತು. ವಾದ್ಯದವರು ಶುರುಮಾಡಿದ್ದರು. ಯಾರೋ ಅವಳ ಕೈಗೆ ಗಾಜಿನ ಫಲಕವೊಂದನ್ನು ಕೊಟ್ಟು, ಕ್ಯಾಮೆರಾ ನೋಡಿ ಎಂದರು. ಅವಳು ನೋಡಿದಳು.

ಹೊರಗಿನ ಓಣಿಯಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ ಮೇಷ್ಟ್ರ ಹೆಂಡತಿ ನಿಂತಿದ್ದರು. ಪಿಸಕ್ಕನಿಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

“ತಪ್ಪಾಯ್ತು ಅತ್ತಿಗೆ. ಹೇಳ್ಬಾರದಿತ್ತು.”

“ಹೇಳಿದ್ದು ಯಾರಿಗೆ ಕೇಳಿಸ್ತು, ಬಿಡು.” ಅವರು ಅವಳ ಕೈಯಿಂದ ಫಲಕ ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟು, ನೀರು ಹಿಡಿದು ಕೊಟ್ಟರು. “ಕುಡಿ ಮೊದಲು.”

ಕುಡಿದಳು.

“ನನ್ನನ್ನೂ ಕೇಳ್ತಿದ್ರು. ಯಾರಮ್ಮಾ ನೀನು ಅಂತ. ಕೊನೇ ಎರಡು ವರ್ಷ ದಿನಾ. ಮೊದಮೊದಲು ಹೇಳ್ತಿದ್ದೆ, ನಿಮ್ಮ ಹೆಂಡ್ತಿ ಅಂತ. ಗಾಬರಿ ಬೀಳ್ತಿದ್ರು, ಪಾಪ. ಆಮೇಲೆ ಆಸ್ಪತ್ರೆಯಿಂದ ಬಂದಿದೀನಿ ಅಂತಿದ್ದೆ. ಅದಕ್ಕೆ ಒಪ್ಕೊಂಡು ಊಟ ಮಾಡ್ತಿದ್ರು.” ಅವರು ಸೆರಗಿನ ತುದಿಯಿಂದ ನಲ್ಲಿಯ ಮೇಲಿನ ಹನಿ ಒರೆಸಿದರು, ಅದು ತಮ್ಮ ಮನೆಯದೇ ಎಂಬಂತೆ. “ಇಲ್ಲಿ ಕೇಳಿದಾಗ ಅಷ್ಟು ಜನ ನಕ್ಕರು. ಮನೇಲಿ ಕೇಳಿದಾಗ ನಾನೊಬ್ಬಳೇ ಇರ್ತಿದ್ದೆ. ಈ ಟಿವಿಯವರು ಹೇಳೋ ಕಥೆ ಹಾಗೇ ಇರ್ಲಿ ಕಣಮ್ಮಾ. ಅದರಲ್ಲಿ ಮೇಷ್ಟ್ರು ಗೆದ್ದಿದಾರೆ.”

ಪಿಸಕ್ಕ ತಲೆಯಾಡಿಸಿದಳು. ಅಷ್ಟು ದಿನ ತನ್ನದೊಬ್ಬಳದೇ ಎಂದುಕೊಂಡಿದ್ದ ನೋವು ಈಕೆಯ ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ನಡೆದಿತ್ತು. ಅಂದು ಆಸ್ಪತ್ರೆಯವರೆಗೆ ಹೋಗಿ ಸುಮ್ಮನೆ ಬಂದದ್ದನ್ನು ಈಗಲಾದರೂ ಹೇಳಬೇಕೆನ್ನಿಸಿತು. ಹೇಳಿದರೆ ಯಾರ ಮನಸ್ಸು ಹಗುರಾಗುತ್ತದೆ ಎಂದು ಯೋಚಿಸಿ ನುಂಗಿಕೊಂಡಳು.

“ಒಂದು ಕೇಳ್ಲಾ?” ಎಂದರು ಅವರು. “ಆ ದರ್ಜಿ ನಾಟಕದ ಕೊನೇ ಅಂಕ ನಾನು ನೋಡೇ ಇಲ್ಲ. ಯಾವಾಗ್ಲೂ ಪಾಳಿ. ಒಂದೇ ಸಲ ರಜೆ ಹಾಕಿ ಬಂದಿದ್ದೆ, ಮಧ್ಯದಲ್ಲೇ ಆಸ್ಪತ್ರೆಯಿಂದ ಹೇಳಿಕಳಿಸಿದ್ರು. ಎಲ್ಲರೂ ಅದನ್ನೇ ಹೊಗಳ್ತಿದ್ರು. ನಿನಗೆ ಪೂರ್ತಿ ಬಾಯಿಪಾಠ ಇದೆ ಅಲ್ವಾ? ಬಂದು ಹೇಳ್ತೀಯಾ?”

ಗುರುವಾರ ಪಿಸಕ್ಕ ಹೋದಳು. ಕೋಣೆಯಲ್ಲಿ ಮಂಚ ತೆಗೆದಿದ್ದರು. ಅದಿದ್ದ ಜಾಗದಲ್ಲಿ ನೆಲ ಬೇರೆ ಬಣ್ಣಕ್ಕಿತ್ತು. ಅತ್ತಿಗೆ ಕುರ್ಚಿಯಲ್ಲಿ ಕೂತು ಕೈಕಟ್ಟಿಕೊಂಡರು, ನಾಟಕಕ್ಕೆ ಬಂದವರ ಹಾಗೆ ನೆಟ್ಟಗೆ. ಪುಸ್ತಕ ತೆರೆಯುವ ಅಗತ್ಯವಿರಲಿಲ್ಲ. ಸುದ್ದಿ ತಂದವನ ಮಾತು, ದರ್ಜಿಯ ಮಾತು, ನೆರೆಯವಳ ಮಾತು ಎಲ್ಲವನ್ನೂ ಅವಳು ಒಂದು ಅಕ್ಷರ ಬಿಡದೆ ಹೇಳಿದಳು. ಹೆದರಿಕೆ ಇಲ್ಲದ್ದರಿಂದ ದನಿಯೂ ಸುಮಾರಾಗಿ ಬಂತು. ಕೋಟು ಪಕ್ಕಕ್ಕಿಟ್ಟದ್ದಾಯಿತು. ಅಳತೆ ಪಟ್ಟಿ ತೆಗೆದದ್ದಾಯಿತು. ಅಲ್ಲಿಗೆ ಮಾತು ಮುಗಿಯಿತು.

“ಆಮೇಲೆ?” ಎಂದರು ಅತ್ತಿಗೆ.

“ಆಮೇಲೆ ಮಾತಿಲ್ಲ. ಭುಜದ ಅಳತೆ ಹಿಡೀತಾರೆ. ಗಾಳೀಲಿ. ಆಮೇಲೆ ಸುಮ್ನೆ ನಿಂತಿರ್ತಾರೆ.”

“ಹೇಗೆ?”

ಪಿಸಕ್ಕ ಎದ್ದು ನಿಂತಳು. ಎರಡೂ ಕೈ ಎತ್ತಿದಳು. ಹದಿನೇಳು ವರ್ಷ, ವಾರಕ್ಕೆ ನಾಲ್ಕು ಸಲ ನೋಡಿದ್ದು. ಕಣ್ಣು ಮುಚ್ಚಿದರೆ ಒಂದೊಂದು ಬೆರಳೂ ಕಾಣುತ್ತಿತ್ತು. ಆದರೆ ಅವಳ ಕೈಗಳು ಎರಡು ಕೈಗಳಾಗಿ ಮಾತ್ರ ಗಾಳಿಯಲ್ಲಿ ನಿಂತವು. ಅವುಗಳ ನಡುವೆ ಯಾರ ಭುಜವೂ ಬರಲಿಲ್ಲ. ಸ್ವಲ್ಪ ಮೇಲಕ್ಕೆ ಹಿಡಿದು ನೋಡಿದಳು. ಸ್ವಲ್ಪ ಹತ್ತಿರ ತಂದಳು.

“ಹೀಗಲ್ಲ ಅತ್ತಿಗೆ. ಹೀಗೇ, ಆದರೆ ಹೀಗಲ್ಲ. ಅವರು ಮಾಡ್ತಿದ್ರೆ ಅಲ್ಲಿ ಹುಡುಗಿ ಕಾಣ್ತಿದ್ದಳು.”

“ಕಾಣ್ತಿದ್ದಳಾ?”

“ಹೂಂ. ಎಲ್ಲರಿಗೂ.”

ಅತ್ತಿಗೆ ಅವಳ ಕೈಗಳ ನಡುವಿನ ಜಾಗವನ್ನು ಬಹಳ ಹೊತ್ತು, ಪ್ರಾಮಾಣಿಕವಾಗಿ ನೋಡಿದರು. ಕಾಣಬೇಕೆಂಬ ಆಸೆ ಅವರ ಮುಖದ ಮೇಲೆ ಬರೆದಿತ್ತು. ಪಿಸಕ್ಕ ಕೈ ಇಳಿಸುವ ಹಾಗೂ ಇಲ್ಲ, ಹಿಡಿದಿರುವ ಹಾಗೂ ಇಲ್ಲದೆ ನಿಂತಳು. ತೋಳು ನೋಯತೊಡಗಿತು.

“ಕೂತ್ಕೋಮ್ಮಾ, ಸಾಕು” ಎಂದರು ಅತ್ತಿಗೆ ಕೊನೆಗೆ. “ಎಷ್ಟು ಹೊತ್ತಿಂದ ನಿಂತಿದೀಯ.”

ಹೊರಗೆ ಮೋಡ ಕವಿದಿತ್ತು. ಅತ್ತಿಗೆ ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಎಳೆದು ಒಳಗೆ ಕೊಟ್ಟರು. ಪಿಸಕ್ಕ ಅವನ್ನು ತೋಳಿನ ಮೇಲೆ ಹಾಕಿಕೊಂಡಳು. ಇಬ್ಬರೂ ದೊಡ್ಡ ಹೊದಿಕೆಯ ಎರಡೆರಡು ತುದಿ ಹಿಡಿದು ಕೊಡವಿ, ಹತ್ತಿರ ಬಂದು, ದೂರ ಹೋಗಿ, ಮತ್ತೆ ಹತ್ತಿರ ಬಂದು ಮಡಚಿದರು. ಮುಂದಿನ ಗುರುವಾರ ಬರುತ್ತೀಯಾ ಎಂದು ಅತ್ತಿಗೆ ಕೇಳಿದರು. ಬರುತ್ತೇನೆ ಎಂದು ಹೇಳಿ ಪಿಸಕ್ಕ ಮೆಟ್ಟಿಲಿಳಿದಳು.